ದೈತ್ಯ ಜೀವಿಗಳ ಸಿನಿಮಾ: ಥಿಯೇಟರಿನಲ್ಲಿ ಹೇಗೆ ನೋಡಬೇಕು, ಮನೆಯಲ್ಲಿ ಹೇಗೆ ನೋಡಬೇಕು

ಐವತ್ತು ಮೀಟರ್ ಎತ್ತರದ ಜೀವಿಯೊಂದು ಸಮುದ್ರದಿಂದ ಎದ್ದು ಬರುತ್ತದೆ. ಆ ಗಳಿಗೆಯಲ್ಲಿ ನೋಡುವವರಿಗೆ ತಾವು ತೀರಾ ಚಿಕ್ಕವರು ಅನ್ನಿಸಬೇಕು. ಕಥೆ, ನಟನೆ, ಸಂಗೀತ ಎಲ್ಲವೂ ಈ ಒಂದು ಅನುಭವವನ್ನು ನೆಚ್ಚಿಕೊಂಡಿರುತ್ತವೆ. ಥಿಯೇಟರಿನಲ್ಲಿ ಆ ಕಟ್ಟಡವೇ ನಮ್ಮನ್ನು ಚಿಕ್ಕವರನ್ನಾಗಿ ಮಾಡಿಬಿಡುತ್ತದೆ. ಮನೆಯಲ್ಲಿ ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಅದು ಹೇಗೆ, ಯಾವ ಚಿತ್ರಕ್ಕೆ ಥಿಯೇಟರಿಗೇ ಹೋಗಬೇಕು, ಯಾವುದು ಮನೆಯಲ್ಲೇ ಹೆಚ್ಚು ದಕ್ಕುತ್ತದೆ ಎಂದು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶನದ 2014ರ ‘ಗಾಡ್ಜಿಲ್ಲಾ’ವನ್ನು ನಾನು ಮೊದಲು ನೋಡಿದ್ದು ಲ್ಯಾಪ್‌ಟಾಪಿನಲ್ಲಿ, ಹಾಡುಹಗಲು, ಕಿಟಕಿಯ ಪಕ್ಕ ಕೂತು. ಚಿತ್ರದ ಬಹುಪಾಲು ಕತ್ತಲಲ್ಲೇ ನಡೆಯುವುದರಿಂದ ನನಗೆ ಕಂಡದ್ದು ಹೆಚ್ಚಾಗಿ ನನ್ನ ಮುಖದ ಪ್ರತಿಬಿಂಬ. ಅರ್ಧಕ್ಕೇ ನಿಲ್ಲಿಸಿದೆ. ಕೆಲವು ವರ್ಷಗಳ ಮೇಲೆ ಅದೇ ಚಿತ್ರ ಒಂದು ವಿಶೇಷ ಪ್ರದರ್ಶನದಲ್ಲಿ ದೊಡ್ಡ ಪರದೆಯ ಮೇಲೆ ಸಿಕ್ಕಿತು. ಸೈನಿಕರು ವಿಮಾನದಿಂದ ಜಿಗಿದು, ಕಾಲಿಗೆ ಕಟ್ಟಿಕೊಂಡ ಕೆಂಪು ಹೊಗೆಯ ಗೆರೆ ಎಳೆಯುತ್ತ ಮೋಡಗಳ ನಡುವೆ ಬೀಳುವ ದೃಶ್ಯ ಬಂದಾಗ ನಾನು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ. ಲ್ಯಾಪ್‌ಟಾಪಿನಲ್ಲಿ ಆ ಕೆಂಪು ಗೆರೆಗಳು ದಾರದ ಎಳೆಗಳಂತೆ ಕಂಡಿದ್ದವು. ಇಲ್ಲಿ ಅವು ಮನುಷ್ಯರಾಗಿದ್ದವು, ಅವುಗಳ ಹಿಂದೆ ಗೋಡೆಯಂತೆ ನಿಂತಿದ್ದದ್ದು ಒಂದು ಪ್ರಾಣಿಯ ಮೈ. ನೋಡುವ ಜಾಗ ಸಿನಿಮಾದ ಒಂದು ಭಾಗವೇ ಎಂದು ನಾನು ಅಂದಿನಿಂದ ನಂಬಿದ್ದೇನೆ.

ಮೊದಲ ಹೆಜ್ಜೆ: ಗಾತ್ರ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳಿ

ಇದು ಗೊತ್ತಿದ್ದರೆ ಮುಂದಿನ ಎಲ್ಲ ಸಲಹೆಗಳೂ ತಾವಾಗಿಯೇ ಅರ್ಥವಾಗುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

1933ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಎಂಪೈರ್ ಸ್ಟೇಟ್ ಕಟ್ಟಡ ಹತ್ತಿದ ಕಾಂಗ್ ನಿಜವಾಗಿ ಒಂದೂವರೆಯಿಂದ ಎರಡು ಅಡಿ ಎತ್ತರದ ಬೊಂಬೆ. ಒಳಗೆ ಲೋಹದ ಕೀಲುಗಳು, ಮೇಲೆ ತುಪ್ಪಳ. ವಿಲ್ಲಿಸ್ ಓಬ್ರಯನ್ ಮತ್ತು ಸಂಗಡಿಗರು ಅದನ್ನು ಚೂರುಚೂರೇ ಕದಲಿಸುತ್ತ, ಒಂದೊಂದೇ ಫ್ರೇಮ್ ಚಿತ್ರೀಕರಿಸಿದರು. 1954ರಲ್ಲಿ ಜಪಾನಿನ ತೋಹೋ ಸಂಸ್ಥೆ ‘ಗೊಜಿರಾ’ (ಗಾಡ್ಜಿಲ್ಲಾದ ಮೂಲ ಜಪಾನಿ ಹೆಸರು) ಮಾಡಿದಾಗ ವಿಶೇಷ ದೃಶ್ಯಗಳ ಹೊಣೆ ಹೊತ್ತವರು ಎಯ್ಜಿ ತ್ಸುಬುರಾಯಾ. ಕಾಂಗ್‌ನಂತೆ ಫ್ರೇಮ್ ಫ್ರೇಮಾಗಿ ಮಾಡಲು ಅವರಿಗೆ ಸಮಯವಿರಲಿಲ್ಲ. ದಪ್ಪ ಉಡುಪಿನೊಳಗೆ ನಟನನ್ನು ನಿಲ್ಲಿಸಿ, ಪುಟ್ಟ ಟೋಕಿಯೋ ನಗರವನ್ನು ಕಟ್ಟಿ, ಅದನ್ನು ತುಳಿಸುವ ದಾರಿ ಹಿಡಿದರು. ಸುಮಾರು 100 ಕಿಲೋ ತೂಗುತ್ತಿದ್ದ ಉಡುಪಿನೊಳಗೆ ಮುಖ್ಯವಾಗಿ ಇದ್ದವರು ಹರುವೊ ನಕಾಜಿಮಾ.

ಎರಡು ಮೀಟರಿನ ಉಡುಪನ್ನು ಐವತ್ತು ಮೀಟರಿನ ಪ್ರಾಣಿ ಎಂದು ನಂಬಿಸುವುದು ಹೇಗೆ? ವಸ್ತು ಬೀಳುವ ವೇಗದಿಂದ. ಐವತ್ತು ಮೀಟರ್ ಎತ್ತರದಿಂದ ಕಲ್ಲು ನೆಲ ಮುಟ್ಟಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಎರಡು ಮೀಟರಿನಿಂದಾದರೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಮಾದರಿ 25ನೇ ಒಂದು ಪಾಲಿನಷ್ಟಿದ್ದರೆ ಬೀಳುವ ಕಾಲ ಐದನೇ ಒಂದು ಪಾಲಾಗುತ್ತದೆ, ಏಕೆಂದರೆ ಕಾಲವು ಎತ್ತರದ ವರ್ಗಮೂಲದಂತೆ ಬದಲಾಗುತ್ತದೆ. ಹಾಗಾಗಿ ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ಅಂದರೆ ಸೆಕೆಂಡಿಗೆ ಹೆಚ್ಚು ಫ್ರೇಮ್ ತೆಗೆದು, ಸಾಮಾನ್ಯ ವೇಗದಲ್ಲಿ ತೋರಿಸುತ್ತಾರೆ. ಕುಸಿಯುವ ಪುಟ್ಟ ಗೋಡೆ ನಿಧಾನವಾಗಿ ಕುಸಿಯುತ್ತದೆ, ನಮ್ಮ ಕಣ್ಣು ಅದನ್ನು ‘ಭಾರ’ ಎಂದು ಓದಿಕೊಳ್ಳುತ್ತದೆ. ಪ್ರತಿ ಶಾಟಿನಲ್ಲೂ ಲೆಕ್ಕ ಹೇಳಿದಷ್ಟೇ ವೇಗ ಇಡುತ್ತಿರಲಿಲ್ಲವಾದರೂ ಹಿಂದಿನ ತತ್ತ್ವ ಇದೇ. ವೇಗ ಹೆಚ್ಚಿದಂತೆ ಬೆಳಕೂ ಹೆಚ್ಚು ಬೇಕು. ಆ ದೀಪಗಳ ಝಳದಲ್ಲಿ ಉಡುಪಿನೊಳಗಿದ್ದ ಮನುಷ್ಯ ಬೆವರಿನಲ್ಲಿ ತೊಯ್ದುಹೋಗುತ್ತಿದ್ದ.

ನೀರಿನ ವಿಷಯವೇ ಬೇರೆ. ಮಾದರಿ ಎಷ್ಟೇ ಚಿಕ್ಕದಾದರೂ ನೀರಿನ ಹನಿ ಚಿಕ್ಕದಾಗುವುದಿಲ್ಲ. ಹಳೆಯ ಚಿತ್ರಗಳಲ್ಲಿ ಸಮುದ್ರದ ದೃಶ್ಯ ಬಂದಾಗ ಗುಟ್ಟು ರಟ್ಟಾಗುವುದು ಅಲ್ಲಿಯೇ. ತಕಾಶಿ ಯಾಮಾಜಾಕಿಯವರ 2023ರ ‘ಗಾಡ್ಜಿಲ್ಲಾ ಮೈನಸ್ ಒನ್’ ಚಿತ್ರದಲ್ಲಿ ದೋಣಿಯ ಬೆನ್ನಟ್ಟಿ ಬರುವ ಜೀವಿಯ ಸುತ್ತ ನೀರು ಸೀಳಿ ಎದ್ದು ಮಂಜಾಗಿ ಚದುರುವುದನ್ನು ಗಮನಿಸಿ. ಸುಮಾರು 35 ಕಲಾವಿದರ ತಂಡ ಮಾಡಿದ ಕೆಲಸ ಅದು. 2024ರ ಮಾರ್ಚಿನಲ್ಲಿ ಅದಕ್ಕೆ ದೃಶ್ಯ ಪರಿಣಾಮಗಳ ಆಸ್ಕರ್ ಬಂತು.

ಗಾತ್ರವೆಂದರೆ ಎತ್ತರದ ಅಂಕಿಯಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ನಿಧಾನದ ಚಲನೆ, ದೂಳು, ನೀರು, ಕೆಳಗಿನಿಂದ ಮೇಲಕ್ಕೆ ನೋಡುವ ಕ್ಯಾಮೆರಾ, ಎದೆಗೆ ತಾಗುವ ಸದ್ದು ಇವೆಲ್ಲ ಸೇರಿ ಗಾತ್ರವನ್ನು ಕಟ್ಟುತ್ತವೆ. ನೋಡುವ ಜಾಗದಲ್ಲಿ ಇವುಗಳಲ್ಲಿ ಯಾವುದು ಕೆಟ್ಟರೂ ದೈತ್ಯ ಕುಗ್ಗುತ್ತದೆ.

ಎರಡನೇ ಹೆಜ್ಜೆ: ಯಾವುದು ಎಲ್ಲಿ ಎಂದು ಮೊದಲೇ ತೀರ್ಮಾನಿಸಿ

ಹೊಸ ಚಿತ್ರ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೇ: ಇದರ ಜೀವ ಇರುವುದು ಎತ್ತರದಲ್ಲೋ, ಮನುಷ್ಯರ ಮುಖಗಳಲ್ಲೋ?

ಎತ್ತರದಲ್ಲಿದ್ದರೆ ಥಿಯೇಟರ್, ಚರ್ಚೆ ಬೇಡ. ಗಿಯೆರ್ಮೊ ಡೆಲ್ ಟೊರೊ ಅವರ ‘ಪೆಸಿಫಿಕ್ ರಿಮ್’ ಅಂಥದ್ದು. ಮಳೆ, ಸಮುದ್ರ, ನಿಯಾನ್ ದೀಪಗಳ ನಡುವೆ ಯಂತ್ರವೂ ಪ್ರಾಣಿಯೂ ಮೈಗೆ ಮೈ ತಾಗಿಸಿ ಹೊಡೆದಾಡುವುದೇ ಅದರ ಸೊಗಸು. ಆ ಚಿತ್ರದ ಚೌಕಟ್ಟು, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ, 1.85:1. ದೊಡ್ಡ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ 2.39:1ರ ಅಗಲ ಪಟ್ಟಿಗಿಂತ ಇದು ಎತ್ತರ. ನೆಟ್ಟಗೆ ನಿಲ್ಲುವ ಜೀವಿಗೆ ತಲೆಯ ಮೇಲೆ ಜಾಗ ಬೇಕಲ್ಲ! ಟಿವಿಯನ್ನು ಬಹುಮಟ್ಟಿಗೆ ಪೂರ್ತಿ ತುಂಬುವುದರಿಂದ ಅದು ಮನೆಯಲ್ಲೂ ಸೊಗಸಾಗಿ ಕೂರುತ್ತದೆ, ಆದರೆ ಮೊದಲ ಸಲಕ್ಕೆ ಮನೆ ಸಾಲದು.

ಮುಖಗಳಲ್ಲಿದ್ದರೆ ಮನೆ ಒಳ್ಳೆಯ ಜಾಗ. ಬಾಂಗ್ ಜೂನ್-ಹೋ ಅವರ 2006ರ ‘ದ ಹೋಸ್ಟ್’ ಚಿತ್ರದಲ್ಲಿ ದಕ್ಷಿಣ ಕೊರಿಯಾದ ಹಾನ್ ನದಿಯ ಜೀವಿ ಬಸ್ಸಿನಷ್ಟು ಗಾತ್ರದ್ದು, ಅದೂ ಹಗಲು ಬೆಳಕಿನಲ್ಲೇ ಎದುರಿಗೆ ಬಂದುಬಿಡುತ್ತದೆ. ಅಲ್ಲಿ ಮನಸ್ಸಿನಲ್ಲಿ ಉಳಿಯುವುದು ಕಳೆದುಹೋದ ಮಗಳನ್ನು ಹುಡುಕುವ ಒಂದು ಕುಟುಂಬ. ಮನೆಯ ಮೌನದಲ್ಲಿ ಅದು ಚೆನ್ನಾಗಿ ನಾಟುತ್ತದೆ.

1954ರ ‘ಗೊಜಿರಾ’ವನ್ನೂ ನಾನು ಮನೆಗೇ ಸೇರಿಸುತ್ತೇನೆ. ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಆ ವರ್ಷದ ಮಾರ್ಚ್ 1ರಂದು ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬಿನ ಪರೀಕ್ಷೆ ನಡೆಸಿತು. ‘ದಾಯ್ಗೊ ಫುಕುರ್ಯು ಮಾರು’ ಎಂಬ ಜಪಾನಿ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೆ ವಿಕಿರಣದ ಬೂದಿ ಸುರಿಯಿತು. ದೋಣಿಯ ರೇಡಿಯೋ ನಿರ್ವಾಹಕ ಸೆಪ್ಟೆಂಬರ್ 23ರಂದು ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ನವೆಂಬರ್ 3ರಂದು, ಆರು ವಾರವೂ ತುಂಬಿರಲಿಲ್ಲ. ಚಿತ್ರದ ಆರಂಭದಲ್ಲಿ ಹಡಗೊಂದು ಬೆಳಕಿನ ಝಳಪಿಗೆ ಸಿಕ್ಕಿ ಉರಿದು ಮುಳುಗುತ್ತದೆ. ಅಂದಿನ ಪ್ರೇಕ್ಷಕರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಉರಿಯುವ ನಗರದಲ್ಲಿ ತಾಯಿಯೊಬ್ಬಳು ಮಕ್ಕಳನ್ನು ಅವುಚಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗುತ್ತೇವೆ ಎನ್ನುತ್ತಾಳೆ. ಇಂಥ ಚಿತ್ರವನ್ನು ಒಬ್ಬರೇ, ಅಥವಾ ಹತ್ತಿರದವರ ಜೊತೆ, ಮಧ್ಯೆ ಮಾತಾಡದೆ ನೋಡಬೇಕು. ಗದ್ದಲದ ಪ್ರದರ್ಶನದಲ್ಲಿ ಪಕ್ಕದವರು ಉಡುಪು ನೋಡಿ ನಕ್ಕರೆ ಆ ತಾಯಿಯ ಮಾತು ಕೇಳಿಸದೆ ಹೋಗುತ್ತದೆ.

ಒಂದು ಎಚ್ಚರಿಕೆ. ಈ ಚಿತ್ರದ ಎರಡು ರೂಪಗಳಿವೆ. ಜಪಾನಿ ಮೂಲ 96 ನಿಮಿಷದ್ದು. 1956ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದದ್ದು ಅದನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ನಟನ ದೃಶ್ಯಗಳನ್ನು ಸೇರಿಸಿ ಮಾಡಿದ ಸುಮಾರು 80 ನಿಮಿಷದ ಆವೃತ್ತಿ. ಪ್ಲೇ ಒತ್ತುವ ಮುನ್ನ ಅವಧಿ ನೋಡಿಕೊಳ್ಳಿ, ಮೊದಲ ಸಲ ಮೂಲವನ್ನೇ ಆರಿಸಿ. ಜಪಾನಿ ಚಿತ್ರಗಳಿಗೆ ಡಬ್ಬಿಂಗ್ ಬೇಡ, ಸಬ್‌ಟೈಟಲ್ ಇರಲಿ. ದನಿಯ ನಡುಕವೇ ಹೋದರೆ ಉಳಿಯುವುದೇನು?

ಹಳೆಯ ಚಿತ್ರಗಳು ಮತ್ತೆ ತೆರೆಗೆ ಬಂದಾಗ ಮಾತ್ರ ಈ ವಿಂಗಡಣೆಯನ್ನೆಲ್ಲ ಪಕ್ಕಕ್ಕಿಟ್ಟು ಹೋಗಿಬಿಡಿ. ‘ಕಿಂಗ್ ಕಾಂಗ್’ 1952ರಲ್ಲಿ ಮರುಬಿಡುಗಡೆಯಾಗಿ ಚೆನ್ನಾಗಿ ಓಡಿತು. ಅದನ್ನು ಕಂಡೇ ಮರುವರ್ಷ ಹಾಲಿವುಡ್ಡಿನಲ್ಲಿ ಸಮುದ್ರದಿಂದ ಏಳುವ ಪ್ರಾಣಿಯ ಚಿತ್ರ ಬಂತು, ಅದರ ಬೆನ್ನಿಗೇ ಜಪಾನಿನಲ್ಲಿ ‘ಗೊಜಿರಾ’. ಒಂದು ಮರುಪ್ರದರ್ಶನದಿಂದ ಇಡೀ ವಂಶವೇ ಬೆಳೆಯಿತು.

ಮೂರನೇ ಹೆಜ್ಜೆ: ಥಿಯೇಟರಿನಲ್ಲಿ ಪರದೆಯನ್ನೂ ಸೀಟನ್ನೂ ಆರಿಸುವುದು

ಒಂದೇ ಕಟ್ಟಡದಲ್ಲಿ ಹಲವು ಪರದೆಗಳಿದ್ದರೆ ಅತಿ ದೊಡ್ಡದು ಯಾವುದೆಂದು ವಿಚಾರಿಸಿ. ಸಮಯಕ್ಕೆ ಒಗ್ಗುತ್ತದೆ ಎಂದು ಚಿಕ್ಕ ಪರದೆಯ ಪ್ರದರ್ಶನಕ್ಕೆ ಹೋದರೆ ಮನೆಯಲ್ಲೇ ಇರಬಹುದಿತ್ತು ಅನ್ನಿಸಬಹುದು. ಐಮ್ಯಾಕ್ಸ್ ಎಂಬ ಬೃಹತ್ ಪರದೆ ಇದ್ದರೆ, ಆ ಚಿತ್ರ ಅದರ ಎತ್ತರದ ಚೌಕಟ್ಟನ್ನು ಬಳಸಿದೆಯೇ ನೋಡಿ. ಬಹುತೇಕ ಡಿಜಿಟಲ್ ಐಮ್ಯಾಕ್ಸ್ ಪರದೆಗಳು 1.90:1, ಕೆಲವೇ ಕೆಲವು 1.43:1. ಬಳಸಿಲ್ಲದಿದ್ದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಉಳಿಯುತ್ತದೆ. ಆಗ ಮೇಲಿನಿಂದಲೂ ಸದ್ದು ಬರುವ ಡಾಲ್ಬಿ ಅಟ್ಮಾಸ್ ವ್ಯವಸ್ಥೆ ಇರುವ ಒಳ್ಳೆಯ ಅಗಲ ಪರದೆಯೂ ಅಷ್ಟೇ ಖುಷಿ ಕೊಡುತ್ತದೆ. ಹೆಲಿಕಾಪ್ಟರ್, ರೆಕ್ಕೆ ಬಡಿತ, ತಲೆಯ ಮೇಲಿಂದ ಉದುರುವ ಕಲ್ಲು, ಇವಕ್ಕೆ ಛಾವಣಿಯ ಸ್ಪೀಕರುಗಳು ಹೇಳಿ ಮಾಡಿಸಿದಂತಿರುತ್ತವೆ.

3ಡಿ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ದೈತ್ಯರಿಗೆ ಬೇಡ. ಕನ್ನಡಕ ಬೆಳಕನ್ನು ನುಂಗುತ್ತದೆ, ಈ ಚಿತ್ರಗಳಾದರೋ ಹೆಚ್ಚಾಗಿ ರಾತ್ರಿಯಲ್ಲೇ ನಡೆಯುತ್ತವೆ. ಇನ್ನೂ ಮುಖ್ಯವಾದ ಕಾರಣ ಬೇರೆ. ನಮ್ಮ ಎರಡು ಕಣ್ಣುಗಳ ನಡುವೆ ಇರುವುದು ಆರೂವರೆ ಸೆಂಟಿಮೀಟರಿನಷ್ಟೇ ಅಂತರ. ಬಹಳ ದೂರದ ಬೆಟ್ಟವನ್ನು ನೋಡುವಾಗ ಎರಡೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಚಿತ್ರ ಬೀಳುತ್ತದೆ. 3ಡಿಯಲ್ಲಿ ದೂರದ ಬೃಹತ್ ವಸ್ತುವಿಗೆ ಉಬ್ಬು ಕೊಡಲು ಆ ಅಂತರವನ್ನು ಹಿಗ್ಗಿಸಿದರೆ ಮಿದುಳು ‘ಇದು ಹತ್ತಿರದಲ್ಲಿರುವ ಚಿಕ್ಕ ವಸ್ತು’ ಎಂದು ಲೆಕ್ಕ ಹಾಕುತ್ತದೆ. ನಗರ ಬೊಂಬೆಮನೆಯಾಗುತ್ತದೆ, ದೈತ್ಯ ಆಟಿಕೆಯಾಗುತ್ತದೆ. 2ಡಿ ಪ್ರದರ್ಶನವನ್ನೇ ಹುಡುಕಿ.

ಸೀಟು: ಅಗಲದಲ್ಲಿ ಸರಿಯಾಗಿ ನಡುವೆ ಇರಲಿ. ಆಳದಲ್ಲಿ, ಪರದೆಯಿಂದ ಮೂರನೇ ಎರಡರಷ್ಟು ಹಿಂದೆ ಸದ್ದು ಸಮತೋಲದಲ್ಲಿರುತ್ತದೆ ಎಂಬುದು ಹಳೆಯ, ಒಳ್ಳೆಯ ಮಾತು. ದೈತ್ಯ ಚಿತ್ರಗಳಿಗಾದರೆ ನಾನು ಅದಕ್ಕಿಂತ ಎರಡು ಮೂರು ಸಾಲು ಮುಂದೆ ಕೂರುತ್ತೇನೆ. ಪರದೆಯ ಮೇಲಂಚನ್ನು ನೋಡಲು ಗದ್ದ ತುಸು ಮೇಲೆತ್ತಬೇಕು, ಅಷ್ಟು ಮುಂದೆ. ಕತ್ತಿನ ಆ ಸಣ್ಣ ಚಲನೆ ದೊಡ್ಡ ಕೆಲಸ ಮಾಡುತ್ತದೆ: ದೈತ್ಯನನ್ನು ನಾವು ನಿಜವಾಗಿಯೂ ತಲೆಯೆತ್ತಿ ನೋಡುತ್ತೇವೆ. ಮೊದಲ ಎರಡು ಸಾಲು ಬೇಡ, ಕತ್ತು ನೋಯುತ್ತದೆ. ಕ್ಯಾಮೆರಾ ಕೈಯಲ್ಲೇ ಅಲುಗಾಡುವ 2008ರ ‘ಕ್ಲೋವರ್‌ಫೀಲ್ಡ್’ನಂಥ ಚಿತ್ರಕ್ಕೆ ಮಾತ್ರ ಹಿಂದಿನ ಸಾಲಿಗೆ ಹೋಗಿ, ಇಲ್ಲದಿದ್ದರೆ ತಲೆಸುತ್ತು ಗ್ಯಾರಂಟಿ.

ಮಕ್ಕಳ ಜೊತೆ ಹೋಗುವವರು ಕಿವಿಗೆ ಮೆತ್ತನೆಯ ಇಯರ್‌ಪ್ಲಗ್ ಒಯ್ಯಿರಿ. ಥಿಯೇಟರಿನ ಧ್ವನಿಯ ಮಾನದಂಡದಲ್ಲಿ ಮುಖ್ಯ ಸ್ಪೀಕರೊಂದರ ಗರಿಷ್ಠ ಮಟ್ಟ 105 ಡೆಸಿಬೆಲ್‌ವರೆಗೆ ಹೋಗಬಹುದು. ಗರ್ಜನೆ ಆ ಗರಿಷ್ಠವನ್ನೇ ಹುಡುಕಿಕೊಂಡು ಹೋಗುತ್ತದೆ.

ನಾಲ್ಕನೇ ಹೆಜ್ಜೆ: ಮನೆಯಲ್ಲಿ ಮೊದಲು ಕತ್ತಲು, ಆಮೇಲೆ ದೂರ

ಹೊಸ ಟಿವಿ ಕೊಳ್ಳುವ ಮುನ್ನ ಪರದೆ ಎಳೆಯಿರಿ. ಕಿಟಕಿಯ ಪರದೆ! ಮನೆಯಲ್ಲಿ ದೈತ್ಯ ಚಿತ್ರಗಳನ್ನು ಹೆಚ್ಚು ಹಾಳು ಮಾಡುವುದು ಟಿವಿಯ ಗಾಜಿನ ಮೇಲೆ ಹೊಳೆಯುವ ನಮ್ಮದೇ ಟ್ಯೂಬ್‌ಲೈಟು. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಪೂರ್ತಿ ಕತ್ತಲಲ್ಲಿ ಕಣ್ಣು ದಣಿಯುವವರು ಟಿವಿಯ ಹಿಂದೆ, ನೇರ ಕಣ್ಣಿಗೆ ಬೀಳದಂತೆ, ಮಂದವಾದ ಬಿಳಿ ದೀಪವೊಂದನ್ನು ಇಡಬಹುದು. ಆಗ ಕಪ್ಪು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ರಾತ್ರಿ ನೋಡುವುದೇ ಎಲ್ಲಕ್ಕಿಂತ ಸುಲಭ ಉಪಾಯ.

ಇನ್ನು ದೂರ. ಹೆಚ್ಚಿನವರು ಟಿವಿಯಿಂದ ತುಂಬಾ ದೂರ ಕೂರುತ್ತಾರೆ, ಏಕೆಂದರೆ ಸೋಫಾ ಗೋಡೆಗೆ ಆತುಕೊಂಡಿರುತ್ತದೆ. ಪರದೆ ನಮ್ಮ ದೃಷ್ಟಿಯಲ್ಲಿ ಕನಿಷ್ಠ 30 ಡಿಗ್ರಿ, ಸಿನಿಮಾದ ಅನುಭವ ಬೇಕಾದರೆ 40 ಡಿಗ್ರಿಯಷ್ಟು ಜಾಗ ತುಂಬಬೇಕು. 55 ಇಂಚಿನ ಟಿವಿಗೆ ಇದು ಸುಮಾರು 2.3 ಮೀಟರಿನಿಂದ 1.7 ಮೀಟರ್, 65 ಇಂಚಿನದಕ್ಕೆ 2.7ರಿಂದ 2 ಮೀಟರ್. ಚಿತ್ರ 2.39:1 ಆಗಿದ್ದರೆ ಟಿವಿಯ ಎತ್ತರದಲ್ಲಿ ಕಾಲು ಭಾಗ ಕಪ್ಪು ಪಟ್ಟಿಗೇ ಹೋಗುತ್ತದೆ, ಹಾಗಾಗಿ ಇನ್ನೂ ಸ್ವಲ್ಪ ಹತ್ತಿರ ಸರಿಯಿರಿ. ಆ ಪಟ್ಟಿಯನ್ನು ಹೋಗಲಾಡಿಸಲು ಜೂಮ್ ಒತ್ತಬೇಡಿ. ಎಡಬಲಗಳಲ್ಲಿ ಓಡುತ್ತಿರುವ ಮನುಷ್ಯರು ಕತ್ತರಿಸಿ ಹೋಗುತ್ತಾರೆ. ದೈತ್ಯ ಎಷ್ಟು ದೊಡ್ಡದು ಎಂದು ಹೇಳುತ್ತಿದ್ದವರು ಅವರೇ.

ಹಾಗಾದರೆ ಫೋನನ್ನು ಮುಖದ ಹತ್ತಿರ ಹಿಡಿದರೂ 30 ಡಿಗ್ರಿ ಆಗುತ್ತದಲ್ಲ, ಅದೇಕೆ ಸಾಲದು? ಬಹಳ ದಿನ ಈ ಪ್ರಶ್ನೆ ನನ್ನನ್ನು ಕಾಡಿತ್ತು. ಉತ್ತರ ಕಣ್ಣಿನಲ್ಲಿದೆ. ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣು ಒಳಗೆ ತಿರುಗುತ್ತವೆ, ಮಸೂರ ಉಬ್ಬುತ್ತದೆ. ಆ ಸ್ನಾಯುಗಳ ಬಿಗಿತದಿಂದಲೇ ಮಿದುಳಿಗೆ ದೂರ ಗೊತ್ತಾಗುತ್ತದೆ. ದೂರ ಗೊತ್ತಾದರೆ ಗಾತ್ರವೂ ಗೊತ್ತಾದಂತೆ. ಥಿಯೇಟರಿನಲ್ಲಿ ಪರದೆ ಹತ್ತಾರು ಮೀಟರ್ ಆಚೆ ಇರುವುದರಿಂದ ಕಣ್ಣು ಸಡಿಲಗೊಂಡು, ದೂರದ ಬೆಟ್ಟವನ್ನು ನೋಡುವ ಸ್ಥಿತಿಯಲ್ಲಿರುತ್ತದೆ. ಮನೆ ಥಿಯೇಟರನ್ನು ಪೂರ್ತಿ ಮುಟ್ಟಲಾರದ್ದು ಇಲ್ಲಿಯೇ. ಪ್ರೊಜೆಕ್ಟರ್ ಇಟ್ಟುಕೊಂಡು ಮೂರು ಮೂರೂವರೆ ಮೀಟರ್ ದೂರದಿಂದ ಗೋಡೆ ತುಂಬ ಚಿತ್ರ ನೋಡುವವರು ಇದಕ್ಕೆ ಹತ್ತಿರ ಬರುತ್ತಾರೆ. ಕತ್ತಲ ಕೋಣೆ ಇದ್ದವರು ಟಿವಿಯ ಬದಲು ಅದನ್ನೇ ಯೋಚಿಸಬಹುದು.

ಟಿವಿಯೇ ಇರುವವರಿಗೆ ನನ್ನದೊಂದು ಉಪಾಯ: ನೆಲದ ಮೇಲೆ ಕೂರಿ. ಚಾಪೆ, ದಿಂಬು ಹಾಕಿಕೊಂಡು, ಸೋಫಾಕ್ಕೆ ಬೆನ್ನು ಕೊಟ್ಟು. ಏಕಕಾಲಕ್ಕೆ ಎರಡು ಕೆಲಸ ಆಗುತ್ತವೆ: ಟಿವಿಗೆ ಅರ್ಧ ಮೀಟರಿಗಿಂತ ಹೆಚ್ಚು ಹತ್ತಿರ ಬರುತ್ತೀರಿ, ದೃಷ್ಟಿ ಮೇಲ್ಮುಖವಾಗುತ್ತದೆ. ಒಂದು ಪೈಸೆ ಖರ್ಚಿಲ್ಲದೆ ದೈತ್ಯ ಬೆಳೆಯುತ್ತದೆ.

ಐದನೇ ಹೆಜ್ಜೆ: ಟಿವಿಯ ಸೆಟ್ಟಿಂಗ್ಸ್

ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂಥಿಂಗ್ ಅನ್ನು ಮೊದಲು ಆಫ್ ಮಾಡಿ. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಟಿವಿ ಅವುಗಳ ನಡುವೆ ತಾನೇ ಫ್ರೇಮ್‌ಗಳನ್ನು ಕಲ್ಪಿಸಿ ತುಂಬಿದಾಗ ಎಲ್ಲವೂ ನೇರಪ್ರಸಾರದಂತೆ ಕಾಣುತ್ತದೆ. ಬೇರೆ ಚಿತ್ರಗಳಲ್ಲಿ ಇದು ಕಿರಿಕಿರಿ ಮಾತ್ರ, ದೈತ್ಯ ಚಿತ್ರಗಳಲ್ಲಿ ಅನ್ಯಾಯ. ತ್ಸುಬುರಾಯಾ ಅಷ್ಟು ಬೆಳಕು ಸುರಿದು, ಅಷ್ಟು ವೇಗವಾಗಿ ಕ್ಯಾಮೆರಾ ಓಡಿಸಿ ಗಳಿಸಿದ ‘ಭಾರ’ವನ್ನು ಇದು ಒಂದೇ ಏಟಿಗೆ ಅಳಿಸಿ, ರಬ್ಬರ್ ಉಡುಪನ್ನು ರಬ್ಬರ್ ಉಡುಪಾಗಿಯೇ ತೋರಿಸುತ್ತದೆ. ಓಬ್ರಯನ್ನರ ಕಾಂಗ್‌ನ ಆ ತುಸು ಎಗರುವ ನಡಿಗೆಯೂ ಕಲಸಿಹೋಗುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ. ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇರಲಿ. ಶಾರ್ಪ್‌ನೆಸ್ ಇಳಿಸಿ. ನಾಯ್ಸ್ ರಿಡಕ್ಷನ್ ತೆಗೆಯಿರಿ, ಹಳೆಯ ಫಿಲ್ಮಿನ ಕಣಗಳು ಕೊಳೆಯಲ್ಲ, ಚಿತ್ರದ ಮೈಬಣ್ಣ. ಕತ್ತಲ ದೃಶ್ಯದಲ್ಲಿ ಹೊಗೆ, ಮಂಜು ಮೆಟ್ಟಿಲು ಮೆಟ್ಟಿಲಾಗಿ ಒಡೆದಂತೆ ಕಂಡರೆ ತಪ್ಪು ಟಿವಿಯದ್ದೇ ಆಗಿರಬೇಕಿಲ್ಲ, ಸ್ಟ್ರೀಮಿಂಗ್‌ನದ್ದೂ ಇರಬಹುದು. 4ಕೆ ಸ್ಟ್ರೀಮಿಂಗ್ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್‌ನಲ್ಲಿ ಬರುತ್ತದೆ. 4ಕೆ ಬ್ಲೂ-ರೇ ಡಿಸ್ಕಿಗೆ 100 ಮೆಗಾಬಿಟ್ ದಾಟುವ ಅವಕಾಶವಿದೆ. ರಾತ್ರಿ, ಮಳೆ, ದೂಳು ತುಂಬಿದ ಈ ಪ್ರಕಾರದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ನೀವು ಮತ್ತೆ ಮತ್ತೆ ನೋಡುವ ಎರಡು ಮೂರು ಚಿತ್ರಗಳನ್ನಾದರೂ ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಆರನೇ ಹೆಜ್ಜೆ: ಸದ್ದು

ಹಣವನ್ನು ಟಿವಿಗೆ ಹಾಕಲೋ ಸದ್ದಿಗೆ ಹಾಕಲೋ ಎಂದು ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಸದ್ದಿಗೆ ಎನ್ನುತ್ತೇನೆ. ದೈತ್ಯ ಕಾಣಿಸಿಕೊಳ್ಳುವ ಮೊದಲು ಕೇಳಿಸುತ್ತದೆ. ‘ಗೊಜಿರಾ’ದ ಮೊದಲ ಕೂಗಿಗಾಗಿ ಸಂಗೀತಗಾರ ಅಕಿರಾ ಇಫುಕುಬೆ ಡಬಲ್ ಬೇಸ್ ವಾದ್ಯದ ತಂತಿಯನ್ನು ಸಡಿಲಗೊಳಿಸಿ, ರಾಳ ಸವರಿದ ತೊಗಲು ಕೈಗವಸಿನಿಂದ ಉಜ್ಜಿಸಿದರು. ಆ ಕೂಗು ಪ್ರಾಣಿಯದ್ದಲ್ಲ, ಯಂತ್ರದ್ದೂ ಅಲ್ಲ. ಅದಕ್ಕೇ ಅದು ಇಂದಿಗೂ ಮೈ ನವಿರೇಳಿಸುತ್ತದೆ. ಕಾಂಗ್‌ನ ಗರ್ಜನೆಗೆ ಸಿಂಹ, ಹುಲಿಗಳ ಧ್ವನಿಮುದ್ರಣವನ್ನು ನಿಧಾನಗೊಳಿಸಿ, ಹಿಂದುಮುಂದಾಗಿ ಓಡಿಸಿ ಬೆರೆಸಿದ್ದರು. ನಿಧಾನಗೊಳಿಸಿದರೆ ಸ್ವರ ತಗ್ಗುತ್ತದೆ, ಸ್ವರ ತಗ್ಗಿದರೆ ಗಂಟಲು ದೊಡ್ಡದೆಂದು ನಮ್ಮ ಕಿವಿ ನಂಬುತ್ತದೆ.

ತೆಳು ಟಿವಿಯ ಪುಟ್ಟ ಸ್ಪೀಕರುಗಳಿಂದ 100 ಹರ್ಟ್ಸ್‌ಗಿಂತ (ಸೆಕೆಂಡಿಗೆ 100 ಕಂಪನ) ಕೆಳಗಿನ ತಗ್ಗು ಸದ್ದು ಹೆಚ್ಚೇನೂ ಹೊರಬರುವುದಿಲ್ಲ. ಹೆಜ್ಜೆಯ ಗುದ್ದು, ಕಟ್ಟಡ ಕುಸಿಯುವ ಗುಡುಗು ಇರುವುದೇ ಅದಕ್ಕಿಂತ ಕೆಳಗೆ. ಸಿನಿಮಾದ 5.1 ಧ್ವನಿಯಲ್ಲಿ ಐದು ಮುಖ್ಯ ದಾರಿಗಳ ಜೊತೆಗಿನ ಆ ‘.1’ ಎಂದರೆ 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗಿಗೆಂದೇ ಮೀಸಲಾದ ದಾರಿ. ಸಬ್‌ವೂಫರ್ (ತಗ್ಗು ಸದ್ದಿಗೆಂದೇ ಇರುವ ಸ್ಪೀಕರ್) ಇಲ್ಲದ ಮನೆಯಲ್ಲಿ ಆ ದಾರಿಯಲ್ಲಿ ಬಂದದ್ದರ ಬಹುಪಾಲು ಕಳೆದುಹೋಗುತ್ತದೆ. ಸಬ್‌ವೂಫರ್ ಜೊತೆಗಿರುವ ಸಾಧಾರಣ ಸೌಂಡ್‌ಬಾರ್ ಕೂಡ ಈ ಚಿತ್ರಗಳನ್ನು ಬೇರೆಯೇ ಮಾಡಿಬಿಡುತ್ತದೆ.

ಅದನ್ನು ಎಲ್ಲಿಡಬೇಕು ಎಂಬುದು ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. 30 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಹನ್ನೊಂದು ಮೀಟರಿಗೂ ಹೆಚ್ಚು, ನಮ್ಮ ಕೋಣೆಗಿಂತ ದೊಡ್ಡದು. ಗೋಡೆಗಳ ನಡುವೆ ಅಲೆಗಳು ಮರಳಿ ಒಂದರ ಮೇಲೊಂದು ಬಿದ್ದು, ಕೋಣೆಯ ಒಂದು ಕಡೆ ಗುಡುಗು ಉಬ್ಬುತ್ತದೆ, ಇನ್ನೊಂದು ಕಡೆ ಸತ್ತೇಹೋಗುತ್ತದೆ. ಹೀಗೆ ಮಾಡಿ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಡಿ. ಹೆಜ್ಜೆಸದ್ದು ಹೆಚ್ಚಿರುವ ದೃಶ್ಯವನ್ನು ಮತ್ತೆ ಮತ್ತೆ ಹಾಕಿ. ಅಂಬೆಗಾಲಿಟ್ಟು ಗೋಡೆಯ ಅಂಚಿನುದ್ದಕ್ಕೂ ಸುತ್ತಿ ಕೇಳಿ. ಎಲ್ಲಿ ಸದ್ದು ಗುಯ್‌ಗುಟ್ಟದೆ, ಬಿಗಿಯಾಗಿ, ತುಂಬಿ ಕೇಳುತ್ತದೋ ಅಲ್ಲಿಗೆ ಸಬ್‌ವೂಫರನ್ನು ಒಯ್ದು ಇಡಿ. ಈಗ ನಿಮ್ಮ ಜಾಗದಲ್ಲಿ ಕೂತರೆ ಅದೇ ಸದ್ದು ಸಿಗುತ್ತದೆ. ಅರ್ಧ ಗಂಟೆಯ ಕೆಲಸ. ನಾನು ಮಾಡಿದಾಗ ಮೂಲೆಯಿಂದ ಒಂದು ಮಾರು ಈಚೆಗೆ ಸರಿಸಿದ್ದಷ್ಟೇ, ಹಾಗಿದ್ದೂ ಹೊಸ ಯಂತ್ರ ತಂದಂತೆ ಆಯಿತು.

ಅಕ್ಕಪಕ್ಕದವರಿಗೂ ಕೆಳಗಿನ ಮನೆಯವರಿಗೂ ಗುಡುಗು ಇಷ್ಟವಾಗಬೇಕೆಂದಿಲ್ಲ. ಸಬ್‌ವೂಫರಿನ ಕೆಳಗೆ ದಪ್ಪ ಫೋಮ್ ಅಥವಾ ರಬ್ಬರ್ ಹಾಸು ಇಡಿ, ನೆಲಕ್ಕೆ ಹೋಗುವ ಅದುರು ಕಡಿಮೆಯಾಗುತ್ತದೆ. ತಡರಾತ್ರಿಯಾದರೆ ಕಿವಿ ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ. ಎದೆಗೆ ತಾಗುವುದಿಲ್ಲ ನಿಜ, ಆದರೆ ಇಫುಕುಬೆಯ ತಂತಿಯ ಒರಟುತನ ಹೆಡ್‌ಫೋನಿನಲ್ಲಿ ಕೇಳಿಸಿದಷ್ಟು ನನಗೆ ಬೇರೆಲ್ಲೂ ಕೇಳಿಸಿಲ್ಲ. ‘ನೈಟ್ ಮೋಡ್’ ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದು ಪಿಸುಮಾತನ್ನು ಏರಿಸಿ ಗರ್ಜನೆಯನ್ನು ಇಳಿಸುತ್ತದೆ, ಎರಡರ ನಡುವಿನ ಕಂದಕವೇ ಮುಚ್ಚಿಹೋಗುತ್ತದೆ. ಮಾತು ಕೇಳಿಸುತ್ತಿಲ್ಲ ಎಂದಾದರೆ ಒಟ್ಟು ವಾಲ್ಯೂಮ್ ಬಿಟ್ಟು ನಡುವಿನ ಸ್ಪೀಕರನ್ನು ಮಾತ್ರ ಎರಡು ಮೂರು ಡೆಸಿಬೆಲ್ ಏರಿಸಿ ನೋಡಿ.

ಏಳನೇ ಹೆಜ್ಜೆ: ಕಾಯುವುದನ್ನು ಕಾಪಾಡಿಕೊಳ್ಳಿ

ಈ ಪ್ರಕಾರದ ಒಳ್ಳೆಯ ಚಿತ್ರಗಳು ದೈತ್ಯನನ್ನು ತಡವಾಗಿ ತೋರಿಸುತ್ತವೆ. ಮೊದಲು ಹೆಜ್ಜೆಗುರುತು, ಬಾಲ, ಬೆನ್ನಿನ ಮುಳ್ಳುಗಳು. ಥಿಯೇಟರಿನಲ್ಲಿ ಬೇರೆ ದಾರಿಯಿಲ್ಲದೆ ಕಾಯುತ್ತೇವೆ, ಜೊತೆಗೆ ನೂರಾರು ಜನ ಕಾಯುತ್ತಿರುತ್ತಾರೆ. ಮನೆಯಲ್ಲಿ ಕೈಯಲ್ಲೇ ರಿಮೋಟು. ಹತ್ತು ಸೆಕೆಂಡು ಮುಂದಕ್ಕೆ ಓಡಿಸಿದಿರೋ, ಆ ಚಿತ್ರ ಅಲ್ಲಿಗೆ ಮುಗಿಯಿತು. ದೈತ್ಯ ಬಂದಾಗ ಅದು ಬರೀ ಒಂದು ಪ್ರಾಣಿ.

ಹಾಗಾಗಿ ಮನೆಯಲ್ಲೂ ಆಟದ ಸಮಯವೊಂದನ್ನು ಗೊತ್ತು ಮಾಡಿ. ಫೋನು ಬೇರೆ ಕೋಣೆಯಲ್ಲಿರಲಿ, ರಿಮೋಟು ಕೈಗೆ ಸಿಗದಷ್ಟು ದೂರವಿರಲಿ. ಎದ್ದೇಳಲೇಬೇಕಾದರೆ ಒಂದೇ ಒಂದು ವಿರಾಮ ಇಟ್ಟುಕೊಳ್ಳಿ, ಅದೂ ದೈತ್ಯ ಮೊದಲ ಸಲ ಪೂರ್ತಿ ಕಾಣಿಸಿಕೊಂಡ ಮೇಲೆ. ಜೊತೆಗೆ ಇಬ್ಬರು ಮೂವರು ಇದ್ದರೆ ಒಳ್ಳೆಯದು, ಪಕ್ಕದವರ ಉಸಿರು ಬಿಗಿಯುವುದು ಗೊತ್ತಾಗುತ್ತದೆ. ಹಿಂದೆ ಚಿತ್ರ ನೋಡಿರುವವರು ‘ಈಗ ನೋಡು’ ಎನ್ನಬಾರದು ಎಂಬ ಕರಾರು ಇರಲಿ.

ಚಿಕ್ಕ ಮಕ್ಕಳಿಗೆ ಮನೆಯೇ ಮೊದಲ ಮೆಟ್ಟಿಲು. 1960ರ ದಶಕದ ಬಣ್ಣದ ಜಪಾನಿ ಚಿತ್ರಗಳಿಂದ ಶುರು ಮಾಡಿ. ಅಲ್ಲಿ ದೈತ್ಯರು ಕುಸ್ತಿಪಟುಗಳಂತೆ ಹಿಡಿದು ಎಸೆದಾಡುತ್ತಾರೆ, ಹೆದರಿಕೆಗಿಂತ ಹುರುಪು ಹೆಚ್ಚು. ಮಗು ಹೆದರಿದರೆ ನಿಲ್ಲಿಸಿ, ದೀಪ ಹಾಕಿ, ಉಡುಪಿನೊಳಗಿನ ಮನುಷ್ಯನ ಕಥೆ ಹೇಳಿ. ಹೇಗೆ ಮಾಡಿದರು ಎಂದು ತಿಳಿದ ಮಕ್ಕಳು ಇನ್ನಷ್ಟು ಪ್ರೀತಿಯಿಂದ ನೋಡುತ್ತಾರೆ ಎಂಬುದು ನಾನು ಕಂಡ ಸಂಗತಿ.

ಎಂಟನೇ ಹೆಜ್ಜೆ: ಅದೇ ಚಿತ್ರವನ್ನು ಎರಡೂ ಕಡೆ ನೋಡಿ

ಥಿಯೇಟರಿನಲ್ಲಿ ನೋಡಿ ಮೆಚ್ಚಿದ ಚಿತ್ರವನ್ನು ಮನೆಯಲ್ಲಿ ಇನ್ನೊಮ್ಮೆ ನೋಡುವಾಗ ದೈತ್ಯನನ್ನು ಬಿಟ್ಟು ಸುತ್ತಲಿನದನ್ನು ಗಮನಿಸಿ. ಹಾರುವ ಹಕ್ಕಿಗಳು ಎಷ್ಟು ಚಿಕ್ಕವು, ದೂಳು ಎಷ್ಟು ಹೊತ್ತು ತೇಲುತ್ತದೆ, ಕ್ಯಾಮೆರಾ ಯಾರ ಕಣ್ಣಿನ ಎತ್ತರದಲ್ಲಿದೆ. 1993ರ ‘ಜುರಾಸಿಕ್ ಪಾರ್ಕ್’ನಲ್ಲಿ ಪ್ರಾಣಿ ಕಾಣುವ ಮೊದಲು ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತವಲ್ಲ, ಆ ಕಂಪನವನ್ನು ತಂದದ್ದು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಕಟ್ಟಿ ಮೀಟಿದ ಗಿಟಾರ್ ತಂತಿ. ‘ಮೈನಸ್ ಒನ್’ಗೆ ಕಪ್ಪು-ಬಿಳುಪು ಆವೃತ್ತಿಯೂ ಇದೆ. ಬಣ್ಣದ್ದನ್ನು ದೊಡ್ಡ ಪರದೆಯಲ್ಲಿ ನೋಡಿದ್ದರೆ ಇದನ್ನು ಮನೆಯಲ್ಲಿ, ಕತ್ತಲಲ್ಲಿ, 1954ರ ಮೂಲ ನೋಡಿದ ಮರುದಿನವೇ ಹಾಕಿ. ಎಪ್ಪತ್ತು ವರ್ಷಗಳ ಅಂತರದ ಎರಡು ಚಿತ್ರಗಳು ಒಂದೇ ನೋವಿನ ಬಗ್ಗೆ ಮಾತಾಡುವುದು ಕೇಳಿಸುತ್ತದೆ.

ಇನ್ನು, ಥಿಯೇಟರಿಗೆ ಎಂದೂ ಸಾಧ್ಯವಿಲ್ಲದ ಕೆಲಸವೊಂದನ್ನು ಮನೆಯಲ್ಲಿ ಮಾಡಬಹುದು: ಚಿತ್ರವನ್ನು ನಿಲ್ಲಿಸುವುದು. ಮೊದಲ ಸಲ ನೋಡುವಾಗ ಬೇಡ, ಮೂರನೇ ನಾಲ್ಕನೇ ಸಲ. 1933ರ ‘ಕಿಂಗ್ ಕಾಂಗ್’ ಹಾಕಿ, ಕಾಂಗ್ ಹತ್ತಿರದಿಂದ ಕಾಣುವ ದೃಶ್ಯದಲ್ಲಿ ಒಂದೊಂದೇ ಫ್ರೇಮ್ ಮುಂದೆ ಸರಿಸಿ. ಕಾಡಿನಲ್ಲಿ ಗಾಳಿಯಿಲ್ಲ, ಆದರೂ ಅವನ ಎದೆಯ, ತೋಳಿನ ಕೂದಲು ಫ್ರೇಮಿನಿಂದ ಫ್ರೇಮಿಗೆ ಅಲ್ಲಲ್ಲಿ ಒತ್ತಿದಂತಾಗಿ ಮತ್ತೆ ನಿಮಿರುತ್ತದೆ. ಒಂದು ಫ್ರೇಮ್ ತೆಗೆದು ಮುಂದಿನದಕ್ಕೆ ಬೊಂಬೆಯನ್ನು ಕದಲಿಸಲು ಹಿಡಿದ ಬೆರಳುಗಳ ಗುರುತು ಅದು. ಸೆಕೆಂಡಿಗೆ 24 ಸಲ.